ಅಮ್ಮ ಒಪ್ಪಿದ ಯಂತ್ರ

ನನ್ನ ಗಂಡ ಶಿವರಾಜ್‌ಗೆ ಕೂದಲಿನ ದಪ್ಪ ಗೊತ್ತು, ಸಾರಿನಲ್ಲಿ ಉಪ್ಪಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಉಪ್ಪೇ ಇಲ್ಲದ ಸಾರನ್ನು ಎರಡನೇ ಸಲ ಹಾಕಿಸಿಕೊಂಡು ಉಂಡು, ನನ್ನ ಬಳೆಗಳಲ್ಲಿ ಒಂದು ಮಿಕ್ಕವಕ್ಕಿಂತ ತೆಳ್ಳಗಿದೆ ಎಂದು ಹೇಳಿ ಎದ್ದುಹೋದ ಮನುಷ್ಯ. ಎಂಥವರ ಕೈಗೆ ಸಿಕ್ಕಿಕೊಂಡೆನಪ್ಪಾ ಅಂತ ಅವತ್ತು ಒಲೆ ಮುಂದೆ ಕೂತು ಯೋಚನೆ ಮಾಡಿದ್ದೆ. ಆಮೇಲೆ ಅಳೆದು ನೋಡಿದರೆ ಆ ಬಳೆ ತೆಳ್ಳಗೇ ಇತ್ತು.

ಇಂಥ ಅಳತೆಗಾರರು ತಪ್ಪು ಮಾಡಿದರೂ ಸಣ್ಣದಾಗಿ ಮಾಡಿರುತ್ತಾರೆ ಎಂದು ನೀವು ಅಂದುಕೊಳ್ಳಬಹುದು. ನಿಜ, ಕಣ್ಣಿಗೆ ಕಾಣುವುದಕ್ಕೆ ಸಣ್ಣದೇ, ಒಂದು ಹೂವಿನಷ್ಟು. ಆದರೆ ಅದನ್ನು ಮಾಡಿದ ಮೇಲೆ ಇವರು ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ.

ಇವರು ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದಿಂದ ಒಳಗೆ ನಡೆದರೆ ಸಿಗುವ ನಮ್ಮ ಹಟ್ಟಿಯಲ್ಲಿ. ಮನೆತುಂಬ ಕುರಿ. ಮಾವ ಚಿತ್ರಲಿಂಗಪ್ಪನವರು ಹೊತ್ತು ನೋಡಬೇಕಾದರೆ ನೆರಳು ನೋಡುತ್ತಿದ್ದರು. ಅಂಥವರ ಮಗ ಐಟಿಐ ಓದಿ, ಒಂದು ಕೈಗಡಿಯಾರದ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿಕೊಂಡರು. ಅಲ್ಲಿ ಗಾಜಿನ ಕೋಣೆಯೊಳಗೆ ಸ್ವಿಟ್ಜರ್ಲೆಂಡಿನಿಂದ ತರಿಸಿದ ಒಂದು ಯಂತ್ರವಿತ್ತಂತೆ. ಕಲಿಯುವ ಹುಡುಗರು ಅದನ್ನು ಒರೆಸಬೇಕಿತ್ತೇ ಹೊರತು ಅದರ ಗುಂಡಿ ಮುಟ್ಟುವಂತಿರಲಿಲ್ಲ. ಇವರು ಒರೆಸಿ ಒರೆಸಿ ಅದರ ಮೇಲೆ ಮನಸ್ಸಿಟ್ಟುಬಿಟ್ಟರು. ಮುಂದಿನ ಎಲ್ಲದಕ್ಕೂ ಮೂಲ ಅದೇ ಎಂದು ನನ್ನ ಲೆಕ್ಕ.

ಕಾರ್ಖಾನೆಯಲ್ಲಿ ಕಾಯಂ ಆಗಲಿಲ್ಲ. ತೊಂಬತ್ತಾರರಲ್ಲಿ ಹಿರಿಯೂರಿಗೆ ಬಂದರು. ಇಲ್ಲಿ ಇವರ ಅಕ್ಕ ಓಬಕ್ಕನ ಗಂಡ ಪಾಲಣ್ಣನವರಿಗೆ ಕೊಬ್ಬರಿ ವ್ಯಾಪಾರ. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಕಾಯಿ ಸುಲಿಯುವ ಅಂಗಳದ ಪಕ್ಕದಲ್ಲಿದ್ದ ಷೆಡ್ಡನ್ನು ಅಣ್ಣ ಖಾಲಿ ಮಾಡಿಸಿ, "ಕುಂತ್ಕಂಡು ಅದೇನ್ ಕೊರೀತೀಯೋ ಕೊರಿಯಪ್ಪ" ಎಂದು ಬೀಗದಕೈ ಕೊಟ್ಟರು. ಅಣ್ಣನಿಗೆ ಗಡಿಯಾರ ಗೊತ್ತಿಲ್ಲ, ಭಾಮೈದ ಗೊತ್ತು. ಷೆಡ್ಡು, ಬಂಡವಾಳ ಅವರದು, ಕೈಕೆಲಸ ಇವರದು, ತಯಾರಾದ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿ ಆರಿಸುವುದು ನನ್ನದು. ಹಳೇ ಕೀ ವಾಚುಗಳಿಗೆ ಬಿಡಿಭಾಗ ಸಿಗುವುದು ನಿಲ್ಲುತ್ತಾ ಬಂದಿದ್ದ ಕಾಲ. ಕೀ ಕೊಡುವ ಗುಂಡಿ, ಅದರಿಂದ ವಾಚಿನೊಳಕ್ಕೆ ಹೋಗುವ ಕೂದಲಿನಂಥ ಕಡ್ಡಿ, ಇವನ್ನು ಇವರು ಕೈಲೇತಿನಲ್ಲಿ ಕಡೆಯುತ್ತಿದ್ದರು. ದುರ್ಗ, ದಾವಣಗೆರೆ, ಹೊಳಲ್ಕೆರೆ, ಎಲ್ಲ ಕಡೆಯ ರಿಪೇರಿಯವರೂ ಬಂದು ಕೊಳ್ಳುತ್ತಿದ್ದರು.

ಎರಡು ಸಾವಿರದ ಎರಡರಲ್ಲಿ ಬೆಂಗಳೂರಿನ ಒಂದು ಕಂಪನಿಯವರು ಬಂದರು. ಹೊರದೇಶಕ್ಕೆ ವಾಚು ಕಳಿಸುವವರು. ಇವರ ಕಡ್ಡಿಯನ್ನು ಅಳೆದು ನೋಡಿ ಮೆಚ್ಚಿದರು. ಆದರೆ ಅವರಿಗೆ ಬೇಕಾದದ್ದು ರಾಶಿಗಟ್ಟಲೆ, ಒಂದರ ಹಾಗೆ ಇನ್ನೊಂದು. ಕೈಲೇತಿನಲ್ಲಿ ಅದು ಆಗುವ ಮಾತಲ್ಲ. ಸಿಎನ್‌ಸಿ ಯಂತ್ರ ಬೇಕು, ಅಂದರೆ ಕಂಪ್ಯೂಟರಿಗೆ ಒಂದು ಸಲ ಅಳತೆ ಹೇಳಿಕೊಟ್ಟರೆ ತಾನೇ ಕಡೆಯುತ್ತಾ ಕೂರುವ ಲೇತು. "ಯಂತ್ರ ಹಾಕ್ಕೊಳ್ಳಿ, ವರ್ಷವಿಡೀ ಕೆಲಸ ಕೊಡ್ತೀವಿ" ಎಂದು ಹೇಳಿ ಹೋದರು.

ಅಲ್ಲಿಂದ ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು. ಭಾವ ಭಾಮೈದ ಇಬ್ಬರೂ ಮಡಿಚಿದ ಪಂಚೆ, ಇಸ್ತ್ರಿ ಪ್ಯಾಂಟು ಹಾಕಿಕೊಂಡು ಊರೂರು ತಿರುಗಿದರು. ನಮ್ಮ ಕೈಗೆಟುಕುವಂಥವು ಕೊನೆಗೆ ಎರಡು ಉಳಿದವು. ಒಂದು, ಬೆಂಗಳೂರಿನಲ್ಲೇ ತಯಾರಾಗುವ ಹೊಸ ಸಣ್ಣ ಯಂತ್ರ. ಅದರ ಕಾಗದದಲ್ಲಿ ಬರೆದಿದ್ದ ನಿಖರತೆ ಒಂದು, ಇವರ ಎದುರಿಗೆ ಕಡೆದ ಚೂರು ತೋರಿಸಿದ್ದು ಇನ್ನೊಂದು. ಬಿಸಿಲೇರಿದಂತೆ ಅಳತೆ ಚೂರು ಜರುಗುತ್ತಿತ್ತು. ಕೋಣೆಯನ್ನು ತಂಪಾಗಿಟ್ಟರೆ ಸರಿಹೋಗುತ್ತದೆ, ಏನೇ ತೊಂದರೆಯಾದರೂ ಬೆಳಗಿನ ಬಸ್ಸಿಗೆ ನಮ್ಮ ಜನ ಬರುತ್ತಾರೆ ಎಂದು ಅವರು ಹೇಳಿದರು. ಎರಡನೆಯದು, ಪುಣೆಯ ಕಡೆ ಮುಚ್ಚಿಹೋದ ಕಾರ್ಖಾನೆಯಲ್ಲಿ ನಿಂತಿದ್ದ ಹಳೇ ಸ್ವಿಸ್ ಯಂತ್ರ. ಕಬ್ಬಿಣ ಆನೆಯ ಹಾಗೆ, ಕಡೆದದ್ದು ಮಾತ್ರ ಬೆಣ್ಣೆಯ ಹಾಗೆ. ಬೆಳಗ್ಗೆ ಕಡೆದ ಕಡ್ಡಿಗೂ ಸಂಜೆ ಕಡೆದ ಕಡ್ಡಿಗೂ ಕೂದಲನ್ನು ಸೀಳಿದಷ್ಟೂ ವ್ಯತ್ಯಾಸವಿಲ್ಲ. ಅದನ್ನು ಕುಣಿಸುವ ಕಂಪ್ಯೂಟರ್ ಪೆಟ್ಟಿಗೆ ಮಾತ್ರ ಹಳೇ ಕಾಲದ್ದು. ಅದನ್ನು ಮಾಡಿದ ಕಂಪನಿಯೇ ಈಗ ಇಲ್ಲ. ಮಾರುವವನು ಯಾವ ಗ್ಯಾರಂಟಿಯನ್ನೂ ಕೊಡಲಾರ.

ಪುಣೆಯಿಂದ ಬಂದ ಇವರ ಮುಖ ನೋಡಿಯೇ ನನಗೆ ಅರ್ಥವಾಯಿತು. ಈಗ ಗುಂಡಿ ಮುಟ್ಟುವುದಕ್ಕೆ ಬಿಟ್ಟಿದ್ದರಂತೆ.

"ಕೆಟ್ರೆ ಯಾರ್ ಬರ್ತಾರಪ್ಪ?" ಅಣ್ಣನದು ಒಂದೇ ಪ್ರಶ್ನೆ. "ಬೋರಿನ ಮೋಟ್ರು ಕೆಟ್ರೆ ಬಸ್‌ಸ್ಟ್ಯಾಂಡ್ ಪಕ್ದಾಗೆ ರಿಪೇರಿಯೋನು ಅವ್ನೆ. ಇದು ಕೆಟ್ರೆ ಯಾರ ಮನೆ ಬಾಗ್ಲು ಬಡಿಯಾದು?"

"ಅದು ಕೆಡಲ್ಲ ಭಾವ. ಸ್ವಿಸ್ ಮಾಲು."

"ಕೆಡದೇ ಇರಾದು ಗುಂಡುಕಲ್ಲು ಒಂದೇ ಕಣೋ. ಬೆಂಗ್ಳೂರಿಂದೇ ತರಾಣ. ಕೋಣೆ ತಣ್ಣಗಿರಂಗೆ ನಾನು ಕಟ್ಟಿಸ್ತೀನಿ."

ಇಬ್ಬರೂ ಜಗಳವಾಡುವ ಜನವಲ್ಲ. ಆದ್ದರಿಂದ ಇನ್ನೂ ಕಷ್ಟ. ಬೈದಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು, ಇವರು ಉಂಡ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದರು, ಅವರು ಕೊಬ್ಬರಿ ಚೀಲದ ಮೇಲೆ ಸುಮ್ಮನೆ ಕೂರುತ್ತಿದ್ದರು. ಕೊನೆಗೆ ಓಬಕ್ಕನೇ ಬೇಸತ್ತು, "ಇಬ್ರೂ ಮೂತಿ ಊದಿಸ್ಕಂಡು ಕುಂತಿದ್ದು ಸಾಕು. ಅಮ್ಮನ್ನ ಕೇಳ್ರಿ, ಅವಳು ಅಂದಂಗೆ ಮಾಡ್ರಿ" ಎಂದಳು.

ಅಮ್ಮ ಅಂದರೆ ನಮ್ಮ ಹಟ್ಟಿಯ ಬೇವಿನಹಳ್ಳದಮ್ಮ. ನಮ್ಮಲ್ಲಿ ಹೊಲ ಕೊಳ್ಳಲಿ, ಹೆಣ್ಣು ಕೊಡಲಿ, ಅವಳ ಹೂವು ಕೇಳದೆ ಹೆಜ್ಜೆ ಇಡುವುದಿಲ್ಲ. ಅಮ್ಮನ ಕಲ್ಲಿಗೆ ನೀರು ಹಾಕಿ, ಒದ್ದೆ ಕಲ್ಲಿನ ಮೇಲೆ ಎಡಕ್ಕೂ ಬಲಕ್ಕೂ ಹೂವು ಅಂಟಿಸುತ್ತಾರೆ. ಕೇಳಬೇಕಾದದ್ದನ್ನು ಕೇಳಿ ಕೈಮುಗಿದು ಕೂರುತ್ತಾರೆ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಪಾಲಣ್ಣನವರಿಗೆ ಇದು ಬರಿಯ ಶಾಸ್ತ್ರವಾಗಿರಲಿಲ್ಲ. ಅವರು ಕೂಸಾಗಿದ್ದಾಗಲೇ ಹೆತ್ತವಳು ತೀರಿಕೊಂಡಿದ್ದಳು. ಓಬಕ್ಕನನ್ನು ಕೇಳಲು ನಮ್ಮ ಹಟ್ಟಿಗೆ ಬಂದಾಗ, ಅವರನ್ನು ಗುಡಿಗೆ ಕರೆತಂದ ಹಟ್ಟಿಯ ಹಿರಿಯ ಗುಡ್ಡಪ್ಪಜ್ಜ ಅಮ್ಮನ ಮುಂದೆ ಕೂರಿಸಿ, "ಇವಳೇ ನಿಮ್ಮವ್ವ ಅನ್ಕಳಪ್ಪ" ಎಂದಿದ್ದರಂತೆ. ಅವತ್ತಿನಿಂದ ಅವರು ಹಾಗೇ ಅಂದುಕೊಂಡಿದ್ದರು. ಓಬಕ್ಕ ಸಿಕ್ಕಿದ್ದೂ ಬಲಗಡೆಯ ಹೂವಿನಿಂದಲೇ. "ಕೇಳಾಣ" ಎಂದು ಅಣ್ಣ ಎದ್ದು ನಿಂತಾಗ ಅವರ ಮುಖ ಹಗುರಾಗಿತ್ತು.

ಪೂಜೆ ನಮ್ಮಲ್ಲಿ ಮನೆಮನೆಗೆ ಸರದಿ. ಆ ವಾರದ ಸರದಿ ನಮ್ಮ ಮನೆಯದು. ಮಾವನಿಗೆ ಮೊಣಕಾಲು ನೋವು, ಹಾಗಾಗಿ ಮಿಂದು ಒದ್ದೆ ಪಂಚೆಯಲ್ಲಿ ಪರದೆಯ ಹಿಂದೆ ಹೋದವರು ಇವರೇ.

ಪರದೆ ಸರಿಯಿತು. "ಹಳೇ ಯಂತ್ರ ತರಬೌದೇನಮ್ಮ" ಎಂದು ಅಣ್ಣ ಕೇಳಿದರು. ನಾವು ಹೆಂಗಸರು ಸೋಬಾನೆ ಎತ್ತಿ ಒಂದು ಸೊಲ್ಲು ಮುಗಿಸಿರಲಿಲ್ಲ, ಬಲಗಡೆಯ ಸೇವಂತಿಗೆ ಜಾರಿ ಬಿತ್ತು. ಅಣ್ಣ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದರು. ಎದ್ದಾಗ ಅವರ ಕಣ್ಣಲ್ಲಿ ನೀರಿತ್ತು. "ಮುಗೀತು ಬಿಡು. ನಾನು ಬ್ಯಾರೆ ಅಂದಿದ್ದು ತಪ್ಪಾತು" ಎಂದು ಇವರ ಭುಜ ತಟ್ಟಿದರು. ಇವರು ತಲೆ ಎತ್ತಲಿಲ್ಲ. ಭಕ್ತಿಗೆ ಇರಬೇಕು ಎಂದು ನಾನು ಅಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅಲ್ಲಿಂದ ಮುಂದೆ ಆ ಯಂತ್ರಕ್ಕಾಗಿ ಅಣ್ಣ ಪಟ್ಟ ಪಾಡನ್ನು ನೋಡಬೇಕಿತ್ತು. ಬೇಡ ಎಂದಿದ್ದವರು ತಾವೇ ಪುಣೆಗೆ ಹೋಗಿ, ಲಾರಿಯ ಹಿಂದೆ ಯಂತ್ರದ ಪಕ್ಕದಲ್ಲೇ ಕೂತು ಬಂದರು. ದಪ್ಪ ಗೋಡೆಯ ಕೋಣೆ ಕಟ್ಟಿಸಿದರು. ಹೈವೇ ಲಾರಿಗಳ ಅದುರು ತಾಗಬಾರದೆಂದು ಆಳವಾಗಿ ತಳ ಹಾಕಿಸಿದರು. ದಿನಾ ಬೆಳಗ್ಗೆ ಅದಕ್ಕೆ ಕುಂಕುಮ ಇಟ್ಟು, ಅಮ್ಮನ ಮಾತು ಎಂದು ಕೈಮುಗಿದು ಕೊಬ್ಬರಿ ಅಂಗಳಕ್ಕೆ ಹೋಗುತ್ತಿದ್ದರು. ಯಂತ್ರವೂ ಮರ್ಯಾದೆ ಉಳಿಸಿತು. ಮೊದಲ ಸಲ ಕಳಿಸಿದ ಮಾಲಿನಲ್ಲಿ ಒಂದು ಕಡ್ಡಿಯೂ ವಾಪಸ್ಸು ಬರಲಿಲ್ಲ. ಅಣ್ಣ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಎಲ್ಲರೂ ತಿಂದರು, ಇವರು ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾರಾದರೂ ಹೂವು ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವರು ಬೆಚ್ಚಿಬೀಳುತ್ತಿದ್ದರು. ನಾನು ತಲೆಗೆ ಮಲ್ಲಿಗೆ ಮುಡಿದು ಎದುರು ಬಂದರೂ ಮುಖ ಆ ಕಡೆ. ನನಗೆ ಬೇರೆಯೇ ಅನುಮಾನ ಬಂದು ಒಂದೆರಡು ದಿನ ಮಾತು ಬಿಟ್ಟಿದ್ದೆ.

ಎರಡನೇ ಬೇಸಿಗೆಯಲ್ಲಿ ಕರೆಂಟು ಒಂದೇ ಸಮ ಹೋಗಿ ಬಂದು ಆಟವಾಡುತ್ತಿತ್ತು. ಒಂದು ಮಧ್ಯಾಹ್ನ ರಭಸವಾಗಿ ಬಂದದ್ದಕ್ಕೆ ಆ ಹಳೇ ಪೆಟ್ಟಿಗೆ ಪಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಅಷ್ಟೇ. ಬೆಂಗಳೂರಿನಿಂದ ಬಂದವರು ಬಿಚ್ಚಿ ನೋಡಿ ಮುಚ್ಚಿದರು. ಪುಣೆಯವನು ಫೋನು ಎತ್ತಲಿಲ್ಲ. ಕಂಪನಿಯವರು ಒಂದಷ್ಟು ದಿನ ಕಾದು ಬೇರೆ ಕಡೆ ಹೋದರು. ಆನೆಯಂಥ ಯಂತ್ರ ಕೋಣೆ ತುಂಬ ನಿಂತಿತು.

ಅಣ್ಣ ಇವರಿಗೆ ಒಂದು ಮಾತೂ ಅನ್ನಲಿಲ್ಲ. ಕೆಟ್ಟರೆ ಯಾರು ಬರುತ್ತಾರೆ ಎಂದು ಅವತ್ತೇ ಕೇಳಿದ್ದೆನಲ್ಲ ಅನ್ನಲಿಲ್ಲ. "ಅಮ್ಮ ಕೊಟ್ಟಿದ್ದು ಕೆಡಲ್ಲ ಕಣೋ. ಅವಳು ಹೂ ಕೊಟ್ಮೇಲೂ ನನ್ ಮನಸ್ನಾಗೆ ಅನುಮಾನ ಇತ್ತು. ನಂದೇ ತಪ್ಪು" ಎಂದರು. ಅಂದವರು ಕಾಲಿನಿಂದ ಚಪ್ಪಲಿ ಬಿಟ್ಟರು. ಅಮ್ಮ ಕ್ಷಮಿಸಿ ಯಂತ್ರ ತಿರುಗುವ ತನಕ ಚಪ್ಪಲಿ ಮೆಟ್ಟುವುದಿಲ್ಲ, ಬಾಡು ಮುಟ್ಟುವುದಿಲ್ಲ ಎಂದು ಹರಕೆ. ಹಿರಿಯೂರಿನ ಬೇಸಿಗೆಯಲ್ಲಿ ಟಾರು ರಸ್ತೆ ಹೇಗಿರುತ್ತದೆ ಎಂಬುದು ಅದರ ಮೇಲೆ ಬರಿಗಾಲಲ್ಲಿ ನಡೆದವರಿಗೇ ಗೊತ್ತು.

ಅವತ್ತು ಇವರು ಯಂತ್ರದ ಕೋಣೆಗೆ ನನ್ನನ್ನು ಕರೆದು ಬಾಗಿಲು ಹಾಕಿ, ನೆಲದ ಮೇಲೆ ಕೂತು ಎಲ್ಲ ಹೇಳಿದರು. ಎಡಗಡೆಯ ಹೂವಿಗೆ ಒದ್ದೆ ಅರಿಶಿನ ಮೆತ್ತಿ ಭದ್ರವಾಗಿ ಒತ್ತಿದ್ದರಂತೆ. ಬಲಗಡೆ ಕಲ್ಲನ್ನು ದೀಪದ ಬತ್ತಿಗಿಟ್ಟಿದ್ದ ಅರಳೆಯಿಂದ ಒರೆಸಿ, ದೀಪದ ಕಾವು ತಾಗುವಲ್ಲಿ, ತೊಟ್ಟನ್ನು ಓರೆಯಾಗಿ ತಾಗಿಸಿ ಬಿಟ್ಟಿದ್ದರಂತೆ. ಕಣ್ಣಿಗೆ ಕಾಣದ ಸ್ಪ್ರಿಂಗನ್ನು ಚಿಮಟದಲ್ಲಿ ಕೂರಿಸುವ ಕೈ. ಹೂವು ಯಾವಾಗ ಬೀಳಬೇಕೆಂದು ಅದಕ್ಕೆ ಹೇಳಿಕೊಡಬೇಕೇ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ದೇವರು ಬಾಯಿ ಬಿಡುವ ಮುಂಚೆಯೇ ಪೂಜಾರಿ ಕೊಟ್ಟುಬಿಟ್ಟಿದ್ದರು.

"ಹೇಳಿಬಿಡ್ರಿ ಅಣ್ಣಂಗೆ" ಎಂದೆ.

"ಹೇಳಿದ್ರೆ ನನ್ನ ಮುಖ ನೋಡ್ತಾರಾ?"

"ನಿಮ್ಮ ಮುಖಕ್ಕೇನು, ಅವರ ಕಾಲು ನೋಡ್ರಿ."

ಹೇಳಲಿಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳುವುದಕ್ಕೂ ಆಗದು, ನುಂಗುವುದಕ್ಕೂ ಆಗದು. ಅದರ ಬದಲು ಏನೇನೋ ಮಾಡಿದರು. ಹುಡುಕಿ ಹುಡುಕಿ ಯಾವ್ಯಾವುದೋ ಊರಿನಿಂದ ಹಳೇ ಬಿಡಿಭಾಗ ತರಿಸಿ ಆ ಪೆಟ್ಟಿಗೆಗೆ ಜೀವ ಕೊಡಲು ನೋಡಿದರು. ಯಂತ್ರ ತಿರುಗಿದರೆ ಹರಕೆ ತೀರುತ್ತದೆ, ಬಾಯಿ ಬಿಡುವುದು ತಪ್ಪುತ್ತದೆ ಎಂಬ ಆಸೆ. ತಾವೂ ಚಪ್ಪಲಿ ಬಿಟ್ಟರು. "ನೀನ್ಯಾಕೋ ಬಿಡ್ತೀಯ, ತಪ್ಪು ನಂದು" ಎಂದು ಅಣ್ಣ ಗದರಿ ಹಾಕಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಎಮ್ಮೆಯೇ ಬಂದು ಬೆನ್ನು ಕೊಡುವುದನ್ನು ಆಗಲೇ ನೋಡಿದ್ದು. ಇವರು ಸಿಟ್ಟು ಬಂದರೂ ನುಂಗುವವರು, ನಾನು ಹಾಗಲ್ಲ. ದಿನಾ ಚುಚ್ಚುತ್ತಿದ್ದೆ. ಆದರೆ ನಾನೇ ಹೋಗಿ ಹೇಳುವುದು ಸರಿಯಲ್ಲ ಎನಿಸಿತು. ಅದು ಇವರ ಬಾಯಿಂದಲೇ ಬರಬೇಕಿತ್ತು.

ಅಣ್ಣನಿಗೆ ಸಕ್ಕರೆ ಕಾಯಿಲೆ. ಕಾಯಿ ಸುಲಿಯುವ ಅಂಗಳದಲ್ಲಿ ಚಿಪ್ಪಿನ ಚೂರು ಅಂಗಾಲಿಗೆ ಹೊಕ್ಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲು ಬಾತು, ಹೆಬ್ಬೆರಳು ಕಪ್ಪಗಾಗಿತ್ತು. ದುರ್ಗದ ಆಸ್ಪತ್ರೆಯಲ್ಲಿ ಬೆರಳು ತೆಗೆದರು. "ಇನ್ನು ಬರಿಗಾಲಲ್ಲಿ ಓಡಾಡಿದ್ರೆ ಕಾಲೇ ತೆಗೀಬೇಕಾಗುತ್ತೆ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಣ್ಣ ನಕ್ಕರು. "ಹರಕೆ ಐತೆ ಸಾಮಿ. ಅಮ್ಮ ಬಿಡಿಸ್ಬೇಕು, ನಾನು ಬಿಡಂಗಿಲ್ಲ" ಎಂದರು.

ಗಾಯ ಕಟ್ಟಿಸಲು ಹೋದ ಒಂದು ದಿನ, ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಣ್ಣ ಕೂತಿದ್ದರು. ಪಕ್ಕದಲ್ಲಿ ಓಬಕ್ಕ, ಊಟದ ಕ್ಯಾರಿಯರ್ ಹಿಡಿದು ನಾನು. ಇವರು ನಿಂತಿದ್ದವರು ಇದ್ದಕ್ಕಿದ್ದಂತೆ ಕೆಳಗೆ ಕೂತು ಆ ಪಟ್ಟಿ ಸುತ್ತಿದ ಕಾಲನ್ನು ಹಿಡಿದುಕೊಂಡರು.

"ಭಾವ, ಹೂ ಬೀಳ್ಸಿದ್ದು ನಾನು."

"ಏನು?"

"ಅವತ್ತು. ಬಲಗಡೇದು. ಕಲ್ಲು ಒಣಗಿಸಿ ಇಟ್ಟಿದ್ದೆ. ಅಮ್ಮ ಕೊಡ್ಲಿಲ್ಲ ಭಾವ, ನಾನೇ ಕೊಟ್ಕಂಡೆ. ನಂಗೆ ಆ ಯಂತ್ರ ಬೇಕಿತ್ತು."

ಓಬಕ್ಕ ಎದ್ದವಳೇ ತಮ್ಮನ ಕೆನ್ನೆಗೆ ಬಾರಿಸಿದಳು. ಸಾಲಿನಲ್ಲಿ ಕೂತ ಜನರೆಲ್ಲ ನೋಡಿದರು. ಇವರು ಇನ್ನೊಂದು ಏಟಿಗೆ ಕಾದವರಂತೆ ಹಾಗೇ ಕೂತಿದ್ದರು. ಅಣ್ಣ ಮಾತ್ರ ಕೈ ಎತ್ತಲಿಲ್ಲ, ಕಾಲನ್ನೂ ಎಳೆದುಕೊಳ್ಳಲಿಲ್ಲ. 

"ಯಂತ್ರ ಹೋತು ಅಂತಲ್ಲ ಕಣೋ" ಎಂದರು. "ಬೆರಳು ಹೋಗಿದ್ದಕ್ಕೂ ಅಲ್ಲ. ನಾನು ಅವ್ವನ್ನ ಕೇಳಿದ್ದೆ. ಅವಳು ಏನೋ ಹೇಳ್ತಿದ್ಲು. ನೀನು ಮಧ್ಯೆ ನಿಂತು ಅವಳ ಬಾಯಿ ಮುಚ್ಚಿದ್ಯಲ್ಲೋ."

ಇವರು ಮುಖ ಮುಚ್ಚಿಕೊಂಡು ಅತ್ತರು. ಗಂಡಸು ಹಾಗೆ ಅತ್ತದ್ದನ್ನು ನಾನು ಆಮೇಲೆ ನೋಡಿಲ್ಲ. ಒಳಗಿನಿಂದ ಹೆಸರು ಕೂಗಿದರು. ಅಣ್ಣ ಗೋಡೆ ಹಿಡಿದು ಎದ್ದು, "ಓಬಿ, ನಂಗೊಂದು ಜೊತೆ ಚಪ್ಪಲಿ ತಗಂಬಾ, ಮೆತ್ತಂದು" ಎಂದು ಒಳಗೆ ಹೋದರು.

ಕಾಲು ಉಳಿಯಿತು. ಆನೆಯನ್ನು ಗುಜರಿಗೆ ಕೊಟ್ಟು, ಬೆಂಗಳೂರಿನ ಸಣ್ಣ ಯಂತ್ರ ತಂದೆವು. ಈ ಸಲ ಯಾರನ್ನೂ ಕೇಳಲಿಲ್ಲ. ಅದು ಬಿಸಿಲಿಗೆ ಸ್ವಲ್ಪ ಮುನಿಯುತ್ತದೆ. ಅಣ್ಣ ಕಟ್ಟಿಸಿದ ದಪ್ಪ ಗೋಡೆಯ ಕೋಣೆಯಲ್ಲಿ ಬೆಳಗಿನ ತಂಪಿನಲ್ಲಿ ಓಡಿಸಿದರೆ ಹೇಳಿದ ಮಾತು ಕೇಳುತ್ತದೆ. ಎರಡು ಸಲ ಕೆಟ್ಟಿತು, ಎರಡು ಸಲವೂ ಬೆಳಗಿನ ಬಸ್ಸಿಗೆ ಬೆಂಗಳೂರಿನವರು ಬಂದರು. ದೊಡ್ಡ ಕಂಪನಿ ಮತ್ತೆ ಸಿಗಲಿಲ್ಲ, ಸಣ್ಣಪುಟ್ಟವು ಸಿಕ್ಕವು. ಹೊಟ್ಟೆಗೆ ತೊಂದರೆಯಾಗಲಿಲ್ಲ. ಅಣ್ಣ ಮೊದಲಿನಂತೆಯೇ ಇವರನ್ನು ಏನಪ್ಪ ಎಂದು ಮಾತಾಡಿಸುತ್ತಾರೆ, ಮೊದಲಿನಂತೆಯೇ ಕೊಬ್ಬರಿ ತುಂಡು ತಂದು ಬಾಯಿಗೆ ಹಾಕು ಎನ್ನುತ್ತಾರೆ. ಯಂತ್ರಕ್ಕೆ ಕುಂಕುಮ ಮಾತ್ರ ಇಡುವುದಿಲ್ಲ. ಇವರು ಪೂಜೆಯ ಸರದಿಯನ್ನು ಗುಡ್ಡಪ್ಪಜ್ಜನ ಮನೆಗೆ ಬಿಟ್ಟುಕೊಟ್ಟರು. ನಾನು ಇವರನ್ನು ಚುಚ್ಚುವುದು ಬಿಟ್ಟೆ.

ಅಣ್ಣ ಕ್ಷಮಿಸಿದ್ದಾರೆ, ಎಲ್ಲ ತೀರಿತು ಎಂದೇ ನಾನು ತಿಳಿದಿದ್ದೆ. ಇವರೂ ಹಾಗೇ ತಿಳಿಯಲು ಪ್ರಯತ್ನಪಡುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ಅಣ್ಣನ ಮಗಳು ಮೇಘಶ್ರೀಗೆ ಗಂಡು ಬಂತು. ಭರಮಸಾಗರದ ಕಡೆಯವರು, ಹುಡುಗ ಮೇಷ್ಟ್ರು. ಮಾತುಕತೆಗೆ ಹಟ್ಟಿಯ ಹಿರಿಯರೆಲ್ಲ ಹಿರಿಯೂರಿಗೆ ಬಂದಿದ್ದರು. ಎಲ್ಲರಿಗೂ ಒಪ್ಪಿಗೆ. ಇವರು ಸೋದರಮಾವನಲ್ಲವೇ, ಎಲೆ ಅಡಿಕೆಯ ತಟ್ಟೆ ಹಿಡಿದು ಓಡಾಡುತ್ತಿದ್ದರು.

"ಬರೋ ಮಂಗ್ಳಾರ ಅಮ್ಮನ ಹೂ ಒಂದು ಕೇಳ್ಬಿಡಾಣ" ಎಂದರು ಗುಡ್ಡಪ್ಪಜ್ಜ. "ನಾನೇ ಇಡ್ತೀನಿ ಪಾಲಣ್ಣ. ನನ್ ಕೈ ಗೊತ್ತಲ್ಲ ನಿಂಗೆ."

ಓಬಕ್ಕನನ್ನು ಕೇಳಲು ಬಂದಾಗ ಹೂ ಇಟ್ಟವರೂ ಅದೇ ಅಜ್ಜ. ಅಣ್ಣ ಬಾಗಿಲ ಬಳಿ ಬಿಟ್ಟಿದ್ದ ತಮ್ಮ ಮೆತ್ತನೆಯ ಚಪ್ಪಲಿಯ ಕಡೆ ನೋಡುತ್ತಾ ಕೂತಿದ್ದರು.

"ಕೇಳಬೌದು ಅಜ್ಜ. ನಿನ್ ಮ್ಯಾಲೆ ಅನುಮಾನ ಇಲ್ಲ" ಎಂದರು ನಿಧಾನವಾಗಿ. "ಆದ್ರೆ ಹೂ ಬಿದ್ರೆ ಅದು ಅವ್ವನೇ ಅಂದಿದ್ದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಮದ್ಲಾದ್ರೆ ಗೊತ್ತಾಗಾದು. ಈಗ ಹೂ ನೋಡಿದ್ರೆ ಹೂವೇ ಕಾಣ್ತೈತೆ. ಬ್ಯಾಡ ಬಿಡು, ನಾವೇ ಯೋಚ್ನೆ ಮಾಡಾಣ."

ಇವರನ್ನು ಚುಚ್ಚಲು ಅಂದದ್ದಲ್ಲ. ಇವರ ಕಡೆ ತಿರುಗಿಯೂ ನೋಡಲಿಲ್ಲ.  ಇವರು ತಟ್ಟೆಯನ್ನು ಜಮಖಾನದ ಮೇಲಿಟ್ಟು ಹಿತ್ತಿಲಿಗೆ ಹೋದರು. ನಾನು ಹಿಂದೆ ಹೋದೆ. ನೀರಿನ ತೊಟ್ಟಿಯ ಅಂಚು ಹಿಡಿದು ನಿಂತಿದ್ದರು. ಅಳುತ್ತಿರಲಿಲ್ಲ.

"ಬೆರಳು ಹೋಗಿದ್ದು ನನ್ನಿಂದ್ಲೇ ಅಂತ ಗೊತ್ತಿತ್ತು" ಎಂದರು. "ಅವರ ಅವ್ವನೂ ಹೋದ್ಲು ಅಂತ ಗೊತ್ತಿರ್ಲಿಲ್ಲ ಕಣೇ ಜಯಶೀಲಾ."